ಹೆಜ್ಜಿ ಲೆಕ್ಕ

ಬ್ಯಾಂಕಿನ ಮಂದಿಗೆಲ್ಲ ಒಂದೊಂದು ವಾಚು ಕೊಟ್ಟಾರ.
ದಿನಕ್ಕ ಎಂಟು ಸಾವಿರ ಹೆಜ್ಜಿ, ತಿಂಗಳ ಕೊನಿಗೆ ಬಹುಮಾನ.
ನನಗ ಶುಗರ್ ಅದ, ಹೊಟ್ಟಿ ಅದ,
ಮ್ಯಾಲ ಮೇ ತಿಂಗಳ ಕಲಬುರಗಿ ಅದ.
ಅಪ್ಪನ ಕೆರಿ ಸುತ್ತ ಎರಡು ದಿನ ನಡದೆ;
ಮೂರನೇ ದಿನ, ವಾಚು ತಾನೇ ನಡೀಲಿ ಅಂದೆ.

ಶಹಾಬಜಾರದ ಓಣ್ಯಾಗ ಚಂದಮ್ಮನ ರೊಟ್ಟಿ ಅಂಗಡಿ.
'ಸಂಜಿತನಕ ಕಟ್ಕೋ, ನೀ ರೊಟ್ಟಿ ಬಡದ್ರ
ಇದು ಹೆಜ್ಜಿ ಅಂತ ತಿಳೀತದ.'
ಬಳಿ ಸರಿಸಿ ಬಲಗೈ ಚಾಚಿದಳು.
ಪಟಪಟ, ಪಟಪಟ,
ಕುಂತಲ್ಲೇ ಕುಂತಾಕಿ
ನನ್ನ ಹೆಸರಿನಾಗ ನಡಕೋತ
ಮೂರು ದಿನಕ್ಕ ಶಹಾಬಾದ ಮುಟ್ಟಿದಳು.

ಶನಿವಾರ ವಾಚು ಇಸ್ಕೊಳ್ಳೋದು ಮರ್ತೆ.
ಆಯಿತಾರ ನಸುಕಿನಾಗ ಬರಿಗೈಲೆ ಹೊಂಟೆ,
ಬೇವಿನ ಗಿಡದ ಬುಡಕ, ದಾಲ್ ಮಿಲ್ಲಿನ ಗೋಡಿ ಗುಂಟ.
ಖರೇನೇ ನಡದೆ.
ಎಣಸವರು ಯಾರೂ ಇರಲಿಲ್ಲ.

ಪಟ್ಟಿ ಸಂದಿನಾಗ ಹಿಟ್ಟು ಒಣಗಿತ್ತು.
ಮೊಬೈಲಿನ ಹತ್ರ ಒಯ್ದ ಕೂಡ್ಲೇ
ಆಕಿ ರಾತ್ರಿ ಪೂರಾ ನನ್ನ ಅಂಗೈಗೆ ಇಳೀತು:
ನಿದ್ದಿ ಮೂರು ತಾಸು ಹತ್ತು ನಿಮಿಷ.
ಎರಡೂಕಾಲಿಗೆ ಎದಿಬಡಿತ ನೂರಾ ಮೂವತ್ತೆರಡು.
ಹೆಜ್ಜಿ, ಸೊನ್ನಿ.
ಕೆಳಗ ಬರದಿತ್ತು:
'ಭೀಮಾಶಂಕರ ಅವರೇ, ನಿಮಗೆ ವಿಶ್ರಾಂತಿ ಬೇಕು.'

'ಎರಡೂಕಾಲಿಗೆ ಏನ್ ಮಾಡ್ತಿದ್ದಿ ಚಂದಮ್ಮ?'
'ನಳ ಬಂದಿತ್ತಲ್ರೀ, ಐದು ದಿನಕ್ಕೊಮ್ಮಿ.
ಹದಿನಾರು ಕೊಡ. ಇಪ್ಪತ್ತೆರಡು ಮೆಟ್ಲ.'
ಎರಡೂ ಕೈಯಾಗ ಕೊಡ ಹಿಡದಾಕಿ
ಕೈ ಹ್ಯಾಂಗ ಬೀಸ್ಯಾಳು?
ಕೈ ಬೀಸದಿದ್ರ
ನಡದಂಗ ಅಲ್ಲ, ವಾಚಿನ ಪ್ರಕಾರ.

ವಿಶ್ರಾಂತಿ ಮಾತು ಓದಿ ಹೇಳ್ದೆ.
'ಹೆಸರು ನಿಮ್ದು ಅದಲ್ಲ?' ಅಂದಳು,
ನಕ್ಕು, ಹಂಚಿನ ಮ್ಯಾಲಿನ ರೊಟ್ಟಿಗೆ
ಒದ್ದಿ ಅರಿವಿಲೆ ನೀರು ಸವರಿದಳು.

ತಿಂಗಳ ಕೊನಿಗೆ ನಾನೇ ಮೊದಲು.
ಶುಗರ್ ಮಾತ್ರ ಇದ್ದಷ್ಟೇ ಅದ,
ಅದನ್ನ ಮತ್ತೊಬ್ಬರ ಕೈಗೆ ಕಟ್ಟಲಿಕ್ಕೆ ಬರೂದಿಲ್ಲ.
ಚಪ್ಪಾಳಿ ನಡುವ ಮ್ಯಾನೇಜರ್ ಕೊಟ್ಟದ್ದು
ಸ್ಟೀಲಿನ ನೀರಿನ ಬಾಟ್ಲಿ.
ಒಯ್ದು ಆಕಿ ಮುಂದ ಇಟ್ಟೆ, 'ನಿಂದೇ ಇದು' ಅಂದೆ.
ತಿರುವಿ ತಿರುವಿ ನೋಡಿದಳು, ಮುಚ್ಚಳ ತಗದು
ಒಳಗ ಇಣುಕಿದಳು.
'ಎಷ್ಟು ಹಿಡೀತದ್ರೀ ಇದರಾಗ?'
'ಒಂದು ಲೀಟರ್.'
ಹಿಟ್ಟಿನ ಬೆರಳು ಮಡಚಿ ಮಡಚಿ ಎಣಿಸಿದಳು.
'ಒಂದು ಕೊಡಕ್ಕ ಹದಿನೈದು ಬಾಟ್ಲಿ' ಅಂದಳು.