ಸವೆಯದಿದ್ದರೂ

ದಸ್ತಗೀರ್ ಮಂಡಿಯೂರಿ ಕೂತು
ಟೈರಿನ ಕೆನ್ನೆಗೆ ಹೆಬ್ಬೆರಳು ಒತ್ತಿದ.
ಒತ್ತಿದಲ್ಲೆಲ್ಲ ಬಾಯಿಬಿಟ್ಟವು
ಕೂದಲೆಳೆಯಷ್ಟು ಸಣ್ಣ ಸೀಳುಗಳು,
ಮಾಘದ ಚಳಿಗೆ ಒಡೆದ ಹಿಮ್ಮಡಿಯ ಹಾಗೆ.

ನಾನು ಸೋಲುವವಳೇ? ಪರ್ಸಿನಿಂದ ಒಂದು ರೂಪಾಯಿ ತೆಗೆದು
ಗ್ರಿಪ್ಪಿನ ಸಂದಿಯಲ್ಲಿ ನಿಲ್ಲಿಸಿದೆ.
"ನೋಡಪ್ಪ, ಕಾಲು ನಾಣ್ಯ ಮುಳುಗಿದೆ.
ಸವೆದೇ ಇಲ್ಲ."

ಮೂವತ್ತೊಂದು ವರ್ಷ ಸೌಹಾರ್ದ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತವಳು;
ಖರ್ಚಾಗದ್ದು ಉಳಿಯುತ್ತದೆ ಅಂತಲೇ ನನ್ನ ಲೆಕ್ಕ.
ಹತ್ತು ವರ್ಷ, ಹನ್ನೊಂದು ಸಾವಿರ ಕಿಲೋಮೀಟರು.
ಮಾಗಡಿ ರೋಡಿನ ಗುಂಡಿಗೆ ಇಳಿಸಲಿಲ್ಲ,
ಮಳೆಯಲ್ಲಿ ಸುಂಕದಕಟ್ಟೆ ದಾಟಿಸಲಿಲ್ಲ,
ನೆಂಟರು ಬಂದರೆ ಆಟೋ, ತರಕಾರಿಗೆ ಕಾಲು.
ಕಾರಿಗೆ ದಿನಾ ಒರೆಸುವ ಬಟ್ಟೆ, ಶುಕ್ರವಾರ ಕುಂಕುಮ,
ಹಬ್ಬಕ್ಕೆ ಟೈರಿಗೆ ಮಿರಿಮಿರಿ ಪಾಲಿಶು.
ಆಯುಧಪೂಜೆಯ ದಿನ ನಿಂಬೆಹಣ್ಣಿನ ಮೇಲೆ
ಒಂದಡಿ ಮುಂದೆ,
ಒಂದಡಿ ಹಿಂದೆ.

"ಇದು ಎಫ್‌ಡಿ ಅಲ್ಲ ಮೇಡಂ," ಅಂದ ದಸ್ತಗೀರ್.
"ರಬ್ಬರು ಕಲಸುವಾಗಲೇ ಒಂದು ಮೇಣ ಹಾಕಿರ್ತಾರೆ.
ಗಾಡಿ ಓಡಿದರೆ, ಟೈರು ಬಾಗಿ ಬಳುಕಿದರೆ,
ಅದು ಒಳಗಿಂದ ಚರ್ಮಕ್ಕೆ ಬರುತ್ತೆ,
ಬಿಸಿಲು ಗಾಳಿ ತಡೆಯುತ್ತೆ.
ನಿಂತಲ್ಲೇ ನಿಂತರೆ ಒಳಗಿದ್ದದ್ದು ಒಳಗೇ ಉಳೀತು,
ಹೊರಗಿನ ಚರ್ಮ ಒಣಗ್ತು."
"ಮತ್ತೆ ನಾನು ಹಾಕಿದ ಪಾಲಿಶು?"
"ಅದು ಇದ್ದ ಮೇಣಾನೂ ಎಳಕೊಂಡು ಹೋಗುತ್ತೆ.
ಸೋಪಿನ ನೀರು ಸಾಕಿತ್ತು."

ಎಡಗಡೆಯವೆರಡು ಬಲಕ್ಕಿಂತ ಹೆಚ್ಚು ಬಿರಿದಿದ್ದವು.
ತಲೆ ಕೆರೆದುಕೊಂಡು ಕೇಳಿದ, ಎಡಕ್ಕೆ ಏನಿದೆ ಮೇಡಂ?

ಎಡಕ್ಕೆ ಮೋಟುಗೋಡೆ, ಗೋಡೆಯಾಚೆ
ಪೊನ್ನುರಂಗನ ಗ್ರಿಲ್ ವೆಲ್ಡಿಂಗ್ ಶೆಡ್ಡು.
ಕಾಮಾಕ್ಷಿಪಾಳ್ಯದ ಅರ್ಧ ಕಿಟಕಿಗಳು ಅಲ್ಲೇ ಹುಟ್ಟಿದವು,
ನೀಲಿ ಬೆಳಕಿನಲ್ಲಿ, ಕಣ್ಣು ಕೋರೈಸುತ್ತ.
"ಆ ಕಿಡಿ ಗಾಳಿಯನ್ನೇ ಬದಲಾಯಿಸುತ್ತೆ. ಓಝೋನ್ ಅಂತಾರೆ,
ಮೂಗಿಗೆ ಚುರುಕ್ ಅನ್ನುತ್ತಲ್ಲ, ಅದು.
ರಬ್ಬರಿಗೆ ಗೆದ್ದಲು ಇದ್ದ ಹಾಗೆ."
ಆ ವಾಸನೆ ನನಗೆ ಗೊತ್ತು. ಹತ್ತು ವರ್ಷ
ಮೂರೂವರೆಯ ಕಾಫಿಯ ಜೊತೆ ಕುಡಿದಿದ್ದೇನೆ.
ಕಿಟಕಿ ಮುಚ್ಚಿಕೊಂಡೆ ನಾನು.

ಡಿಕ್ಕಿ ಎತ್ತಿದ.
ಒಮ್ಮೆಯೂ ನೆಲ ಮುಟ್ಟದ ಸ್ಟೆಪ್ನಿ,
ಕತ್ತಲಲ್ಲಿ ಕಂಬಳಿ ಹೊದ್ದು ಮಲಗಿದ್ದದ್ದು,
ಅದೂ ಬಿರುಕು ಬಿಟ್ಟಿತ್ತು.
ಪಕ್ಕೆಯ ಮೇಲೆ ಉಬ್ಬಿದ ನಾಲ್ಕು ಅಂಕಿ: ೩೨೧೪.
"ಹದಿನಾಲ್ಕನೇ ಇಸವಿ, ಮೂವತ್ತೆರಡನೇ ವಾರ. ಜಾತಕ."
ಜೀವನಪೂರ್ತಿ ನೋಟಿನ ನಂಬರು ಓದಿದವಳು
ಇದೊಂದನ್ನು ಓದಿರಲಿಲ್ಲ.

ಯಾಕೋ ಬೀರು ನೆನಪಾಯಿತು.
ಮಡಿಕೆ ಬಿಚ್ಚದೆ ಇಟ್ಟ ಎಲೆಹಸಿರು ರೇಷ್ಮೆ ಸೀರೆ,
ಕಳೆದ ದೀಪಾವಳಿಗೆ ಬಿಡಿಸಿದರೆ
ಮಡಿಕೆಗುಂಟ ಹರಿದಿತ್ತು.
ದಸ್ತಗೀರನಿಗೆ ಹೇಳಲಿಲ್ಲ.

ಐದು ಹೊಸವು. ಬಿಲ್ಲು ನೋಡಿ ಎದೆ ಧಸಕ್ಕೆಂದಿತು;
ಎರಡು ಸಲ ಎಣಿಸಿ ಕೊಟ್ಟೆ.
"ವಾರಕ್ಕೊಮ್ಮೆ ಓಡಿಸಿ. ಗಾಳಿ ಕಮ್ಮಿ ಆಗೋಕೆ ಬಿಡಬೇಡಿ.
ಆ ಗೋಡೆ ಬಿಟ್ಟು ನೆರಳು ಹುಡುಕಿ.
ಆರನೇ ವರ್ಷ ತಂದು ತೋರಿಸಿ,
ಸವೆಯದಿದ್ದರೂ."

ಬುಧವಾರ ಬೆಳಗ್ಗೆ ತಾವರೆಕೆರೆಯ ತನಕ ಹೋದೆ.
ಕೆಲಸವೇನಿರಲಿಲ್ಲ. ಒಂದು ಚಿಪ್ಪು ಏಲಕ್ಕಿ ಬಾಳೆ ಕೊಂಡೆ,
ನಮ್ಮ ಬೀದಿಯಲ್ಲೇ ಅದಕ್ಕಿಂತ ಅಗ್ಗ.
ವಾಪಸು ಬಂದು ಬಗ್ಗಿ ನೋಡಿದೆ.
ಹೊಸ ಟೈರಿನ ಮೈಮೇಲಿದ್ದ ರಬ್ಬರಿನ ಎಳೆಗೂದಲು
ನೆಲ ತಾಗುವಲ್ಲೆಲ್ಲ ಉದುರಿಹೋಗಿ
ಕೆನ್ನೆಯ ಮೇಲಷ್ಟೇ ಉಳಿದಿತ್ತು.
ಅಭ್ಯಾಸ ನೋಡಿ, ಎಣಿಸತೊಡಗಿದ್ದೆ.

ಶಟರು ಎತ್ತುತ್ತ ಪೊನ್ನುರಂಗ ಕೇಳಿದ:
"ಏನಮ್ಮಾ, ಇಷ್ಟು ಹೊತ್ತಿಗೇ ಎಲ್ಲಿಗೆ ಹೋಗಿದ್ರಿ?"

ಎಲ್ಲಿಗೂ ಇಲ್ಲ, ಅಂದೆ.
ಕೈ ಇನ್ನೂ ಟೈರಿನ ಮೇಲೇ ಇತ್ತು.
ಬೆಚ್ಚಗಿತ್ತು.