ಡಿ-ಒಂದು

ಐತಪ್ಪ ನಾಯ್ಕ ಸುಳ್ಳು ಹೇಳಿರಲಿಲ್ಲ.
ಇದನ್ನು ಮೊದಲೇ ಹೇಳಿಬಿಡುತ್ತೇನೆ,
ಇಲ್ಲಿ ಪೀಠವಿಲ್ಲ, ಎದುರು ಕಕ್ಷಿಯೂ ಇಲ್ಲ.

ಮನೆಯಲ್ಲಿ ಮರಾಟಿ, ಕೋರೆಯಲ್ಲಿ ತುಳು.
ಕನ್ನಡ ಅವನಿಗೆ ಏಳನೇ ಕ್ಲಾಸಿನವರೆಗೆ ಕಲಿತದ್ದು,
ಇಸ್ತ್ರಿ ಅಂಗಿಯ ಹಾಗೆ, ದೊಡ್ಡವರ ಮುಂದೆ ಮಾತ್ರ ತೊಡುವುದು.
ಅದನ್ನೇ ತೊಟ್ಟು ನಿಂತ, ಠಾಣೆಯಲ್ಲಿ:
"ಪದ್ಮನಾಭನು ವಾಮನನನ್ನು ತಳ್ಳಿದನು."
ದೂಡಿದ ಎಂದಿದ್ದರೆ ರೈಟರ್ ತಲೆಯೆತ್ತಿ, ಏನು, ಎಂದು ಕೇಳುತ್ತಿದ್ದ.
ಇದು ಅರ್ಥವಾದ ಹಾಗಿತ್ತು.
ತಲ್ಲಿ, ಎಂದು ಬರೆದುಕೊಂಡ ಮಲಯಾಳದಲ್ಲಿ.
ತಲ್ಲಿ ಎಂದರೆ ಹೊಡೆದ.
ತಳ್ಳಿ ಎಂದು ಬರೆದಿದ್ದರೆ ಅಲ್ಲಿಯೂ ತಳ್ಳಿದ್ದೇ.
ರಾತ್ರಿ ಹನ್ನೊಂದೂವರೆ, ಜನರೇಟರಿನ ಸದ್ದು.
ಕಿವಿಯ ತಪ್ಪೋ,
ನಾಲಗೆ ಒಂದಿಷ್ಟು ಮಡಚದೆ ಹೋದದ್ದೋ.

ಕಟ್ಟು ಬಿಚ್ಚಿದ ದಿನವೇ ಕಂಡಿತು ನನಗೆ.
ಮೂವತ್ತೊಂದು ವರ್ಷ ವಿದ್ಯಾನಗರದ ಈ ಗುಡ್ಡ ಹತ್ತಿದವನಿಗೆ
ಯಾವ ಕಲ್ಲು ಸಡಿಲವೆಂದು ಬೆರಳಿಗೇ ತಿಳಿಯುತ್ತದೆ.
ಪೆನ್ಸಿಲಿನಲ್ಲಿ ಒಂದು ಚುಕ್ಕಿ ಇಟ್ಟೆ. ಜೂನಿಯರಿಗೂ ಹೇಳಲಿಲ್ಲ.
ಏನಾಯಿತೆಂದು ಪದ್ಮನಾಭನನ್ನು ಕೇಳಲಿಲ್ಲ.
ಕೇಳುವುದಿಲ್ಲ ನಾನು, ಯಾರನ್ನೂ.
ಅವನ ಅಮ್ಮ, ಬೀಡಿ ಕಟ್ಟುವವಳು,
ಬೆಂಡೋಲೆ ಬಿಚ್ಚಿ ಮೇಜಿನ ಮೇಲಿಟ್ಟಳು.
ಒಂದನ್ನು ತಿರುಗಿ ಕೊಟ್ಟೆ. ಆಗ ಅದು ದಯೆ ಎಂದೇ ಅನಿಸಿತ್ತು.
ಒಂಟಿ ಬೆಂಡೋಲೆ ಇಟ್ಟುಕೊಂಡು ಅವಳೇನು ಮಾಡಿದಳೋ.

ಪಾಟೀಸವಾಲಿನಲ್ಲಿ ದನಿ ಎತ್ತಬಾರದು,
ಎತ್ತಿದರೆ ಸಾಕ್ಷಿ ಗಟ್ಟಿಯಾಗುತ್ತಾನೆ.
ತಳ್ಳಿದ್ದು ಕಂಡಿರಾ?
ಕಂಡೆ.
ಹೊಡೆದದ್ದು?
ಇಲ್ಲ.
ಹೊಡೆದನೆಂದು ಪೊಲೀಸರಿಗೆ ಹೇಳಿದ್ದೀರಲ್ಲ?
ಹೇಳಿಲ್ಲ.
ಹಾಗಾದರೆ ಇದು ಯಾರ ಮಾತು?
ಕಾಗದ ಎತ್ತಿ ತೋರಿಸಿದೆ, ಅವನಿಗೆ ಓದಲು ಬಾರದ ಲಿಪಿ.
ಅವನು ಜಡ್ಜಿಯವರನ್ನು ನೋಡಲಿಲ್ಲ. ನನ್ನನ್ನು ನೋಡಿದ.
ಅಷ್ಟು ಕರಿಕೋಟುಗಳ ನಡುವೆ
ತನ್ನ ಮಾತು ತಿಳಿದವನು ಒಬ್ಬನೇ ಎಂದು ಅವನಿಗೂ ಗೊತ್ತಿತ್ತು.
ಜಡ್ಜಿ ತೆಂಕಣದವರು. ಸರ್ಕಾರಿ ವಕೀಲರಿಗೆ ಹಲ್ಲುನೋವು.
ಟೈಪಿನಲ್ಲಿ ಎಲ್ಲವೂ ಇಂಗ್ಲಿಷಾಗಿ ಇಳಿಯುತ್ತಿತ್ತು,
ಅಲ್ಲಿ ಳ ಎಲ್ಲಿ, ಲ ಎಲ್ಲಿ.
ಗುರುತು: ಡಿ-ಒಂದು.

ಬಾಯಿ ಬಿಡಬಹುದಿತ್ತು.
ಬಿಟ್ಟಿದ್ದರೆ ಗೌನು ಕಳಚಿ ಅಲ್ಲೇ ಇಟ್ಟು ಬರಬೇಕಿತ್ತು.
ಇದು ಸಮರ್ಥನೆಯಲ್ಲ,
ಕೆಲಸದ ನಿಯಮ.

ತೀರ್ಪು ನಲವತ್ತೆರಡು ಪುಟ.
ನಾಲ್ಕನೇ ಸಾಕ್ಷಿ ನಂಬಲರ್ಹನಲ್ಲ.

ಜಗಲಿಯಲ್ಲಿ ಒಬ್ಬಳು ಅಡ್ಡ ಬಂದಳು.
"ವಕೀಲರೇ, ನಿಮಗೆ ಕನ್ನಡ ಬರ್ತದಲ್ಲ. ಒಳಗೆ ಏನು ಹೇಳಿದ್ದು?"
ವಾಮನನ ತಾಯಿ. ಮೂರು ವರ್ಷ ಹಿಂದಿನ ಬೆಂಚಿನಲ್ಲಿದ್ದಳು,
ಮೀನಂಗಡಿಯ ಮಲಯಾಳ ತಿಳಿಯುತ್ತದೆ, ಕೋರ್ಟಿನದು ತಿಳಿಯದು.
ನಾನು ನಿನ್ನ ವಕೀಲನಲ್ಲ ಎನ್ನಬೇಕಿತ್ತು.
ಸಂಶಯದ ಲಾಭ ಕೊಟ್ಟಿದ್ದಾರೆ, ಎಂದೆ.
"ಲಾಭವಾ?"
ಹರಿದ ನೋಟನ್ನು ಬೆಳಕಿಗೆ ಹಿಡಿದ ಹಾಗೆ ಆ ಮಾತನ್ನು ಹಿಡಿದು ನೋಡಿದಳು.
ಅದಕ್ಕಿಂತ ಒಳ್ಳೆಯ ಕನ್ನಡ ನನ್ನ ಹತ್ತಿರ ಇರಲಿಲ್ಲ.

"ಅವನ ವಾಚು ಇವರ ಹತ್ತಿರ ಉಂಟು. ಯಾವಾಗ ಕೊಡ್ತಾರೆ?"
ಮೂರನೇ ಮುದ್ದೆಮಾಲು. ಮೊಹರು ಒಡೆದ ದಿನವೂ ಓಡುತ್ತಿತ್ತು,
ಹತ್ತು ನಿಮಿಷ ಮುಂದೆ.
"ಹಾಗೇ ಇಡ್ತಿದ್ದ, ಚೆರ್ಕಳದಲ್ಲಿ ಬಸ್ಸು ತಪ್ಪುತ್ತದೆಂದು."

ಅಪೀಲಿನ ಅವಧಿ ಮುಗಿಯಬೇಕು, ಅರ್ಜಿ ಕೊಡಬೇಕು.
ಮೆಟ್ಟಿಲಲ್ಲಿ ಕೂತು ನಾನೇ ಬರೆದೆ, ಕನ್ನಡದಲ್ಲಿ.
ಮಗ ಹೇಗೆ ಸತ್ತನೆಂದು ಬರೆಯುವಲ್ಲಿ
"ಕೋರೆಯಲ್ಲಿ" ಎಂದಷ್ಟೇ ಬರೆದು ಮುಂದಿನ ಸಾಲಿಗೆ ಹೋದೆ.
ಹೆಬ್ಬೆಟ್ಟಿಗೆ ಶಾಯಿ ಹುಡುಕುತ್ತಿದ್ದೆ.
ಅವಳು ಕಾಗದ ತೆಗೆದುಕೊಂಡು ಓದತೊಡಗಿದಳು,
ತುಟಿ ಅಲುಗಿಸುತ್ತ, ಒಂದೊಂದೇ ಅಕ್ಷರದ ಕೆಳಗೆ ಬೆರಳಿಟ್ಟು.
ಅಲ್ಲಿಗೆ ಬಂದಾಗ ಬೆರಳು ನಿಂತಿತು.
"ಇಲ್ಲಿ ಒಂದು ಶಬ್ದ ಬಿಟ್ಟಿದೆ," ಎಂದಳು.