ಹೆಣ್ಣು: ತಿಳಿದಿಲ್ಲ

ಮೊದಲು ಅಲ್ಲದ್ದನ್ನೆಲ್ಲ ಬರೆಯಬೇಕು.
ಜೇಡ ಅಲ್ಲ. ಸೊಂಟವಿಲ್ಲ, ನೂಲಿಲ್ಲ, ವಿಷವಿಲ್ಲ.
ಮೈಯೆಂಬುದು ಒಂದೇ ಗುಂಡು, ಒಳ್ಳೆಮೆಣಸಿನ ಕಾಳಿನಷ್ಟು,
ನೆತ್ತಿಯ ದಿಬ್ಬದ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂತ
ಎರಡು ಕಣ್ಣು,
ಒಂದು ಎಡದ ಲೋಕಕ್ಕೆ, ಇನ್ನೊಂದು ಬಲದ್ದಕ್ಕೆ.

ವಿರಾಜಪೇಟೆಯ ಕಾಲೇಜಿನ ಲ್ಯಾಬು, ಭಾನುವಾರ.
ಕಿಟಕಿಯಾಚೆ ಕಾಫಿ ಹೂ ಬಿಟ್ಟು ಮೂರನೇ ದಿನ,
ಒಳಗೆ ಸ್ಪಿರಿಟ್ಟು. ಎರಡು ವಾಸನೆಗಳೂ ಜಗಳಾಡಿ
ನನ್ನ ತಲೆನೋವಿನಲ್ಲಿ ರಾಜಿಯಾಗಿವೆ.
ಹೋಮಿಯೋಪತಿ ಸೀಸೆಯಲ್ಲಿ ಅದು,
ಜೊತೆಗೆ ಪೆನ್ಸಿಲಿನಲ್ಲಿ ಬರೆದ ಚೀಟಿ
(ಶಾಯಿ ಕರಗುತ್ತದೆ, ಪೆನ್ಸಿಲು ನಿಲ್ಲುತ್ತದೆ):
ಯವಕಪಾಡಿ, ಏಲಕ್ಕಿ ಮಲೆ, ಬಂಡೆಯ ಬುಡ,
ಬರಿಗೈಯಲ್ಲಿ ಹಿಡಿದದ್ದು.
ಹಿಡಿದವರು: ಕುಡಿಯರ ಮುದ್ದವ್ವ.

ಅಳತೆ ಮಿಲಿಮೀಟರಿನಲ್ಲಿ.
ಮೈ ನಾಲ್ಕೂಕಾಲು. ಎರಡನೇ ಜೋಡಿ ಕಾಲು ಅರವತ್ತೊಂದು.
ಅದು ನಡೆಯುವ ಕಾಲಲ್ಲ, ತಡವುವ ಕಾಲು,
ಕರೆಂಟು ಹೋದ ಮನೆಯಲ್ಲಿ
ಬೆಂಕಿಪೊಟ್ಟಣ ಹುಡುಕುವ ಕೈಯ ಹಾಗೆ.
ಮುದ್ದವ್ವ ಇದನ್ನು ಎಣಿಸುವವಳು ಅನ್ನುತ್ತಾಳೆ.
ಕಲ್ಲೆಣಿಸಿ, ಎಲೆಯೆಣಿಸಿ, ಲೆಕ್ಕ ತಪ್ಪಿ, ಮತ್ತೆ ಮೊದಲಿಂದ.
ಎಣಿಸುವವಳ ಮುಳ್ಳುಗಳನ್ನು ಈಗ ನಾನು ಎಣಿಸುತ್ತಿದ್ದೇನೆ,
ತೊಡೆಯ ಮೇಲೆ ಹದಿನಾಲ್ಕು, ಇಲ್ಲ, ಹದಿನೈದು,
ಕಣ್ಣು ಮಂಜಾಗಿ, ಮತ್ತೆ ಮೊದಲಿಂದ.

ಎಡಗಡೆಯ ನಾಲ್ಕನೇ ಕಾಲು: ಇಲ್ಲ.
ಅದು ಮುದ್ದವ್ವನ ಅಂಗೈಯಲ್ಲಿ ಉಳಿಯಿತು.
ಹಿಡಿದೊಡನೆ ಕಳಚಿ ಕೊಟ್ಟೇಬಿಟ್ಟಿತಂತೆ, ಸುಂಕ ಕೊಟ್ಟ ಹಾಗೆ.
ಮೈಯಿಲ್ಲದ ಕಾಲು
ಒಂದು ವೀಳ್ಯ ಜಗಿದು ಮುಗಿಯುವಷ್ಟು ಹೊತ್ತು ಮಿಡುಕಿತು.
ಆ ಹೊತ್ತಿಗೆ ಫಾರಮಿನಲ್ಲಿ ಜಾಗವಿಲ್ಲ.
ವಾಸನೆಗೂ ಇಲ್ಲ. ಹೆದರಿದಾಗ ಅದು ಬಿಡುವುದು
ಕಾಚಂಪುಳಿ ಕುದಿಸುವ ಅಡುಗೆಮನೆಯ ವಾಸನೆ, ಅವಳು ಹೇಳಿದ್ದು;
ನನ್ನ ಮೂಗಿಗೆ ಸಿಕ್ಕಿದ್ದು ಬರೀ ಸ್ಪಿರಿಟ್ಟು.
ಬಣ್ಣ, ನಾನು ಬರೆಯಬಹುದಾದದ್ದು: ತುಕ್ಕುಗಂದು.
ಬದುಕಿದ್ದಾಗ ಬೆನ್ನ ಮೇಲೊಂದು ಹಸಿರು ಗೆರೆಯಿತ್ತಂತೆ.
ಎರಡೇ ದಿನದಲ್ಲಿ ದ್ರವಕ್ಕೆ ಇಳಿದುಹೋಯಿತು.

ಆಮೇಲೆ ಸೂಜಿಯ ಕೆಲಸ.
ಹೊಟ್ಟೆಯಡಿಯ ಮುಚ್ಚಳ ಎತ್ತಿ
ಒಳಗಿನ ಗುಟ್ಟನ್ನು ಹೊರಗೆಳೆದು ಚಿತ್ರ ಬರೆಯಬೇಕು.
ಅಣ್ಣತಮ್ಮಂದಿರಿಂದ ಇದು ಬೇರೆಯೆಂದು ತೀರ್ಪಾಗುವುದು ಅಲ್ಲೇ,
ತುದಿಯ ಒಂದು ಕೊಕ್ಕೆಯ ಬಾಗಿನಲ್ಲಿ.
ನಾಚಿಕೆಯಾಗಲಿಲ್ಲ. ಕೈ ನಡುಗಿತು, ಅಷ್ಟೆ.
ಎಣಿಸುವವಳು
ಗಂಡು.

ನಿನ್ನ ಹೆಸರಿಡಲಾ ಇದಕ್ಕೆ, ಕೇಳಿದೆ,
ಬೈನೆ ಮರದಡಿ, ಅವಳ ಅಂಗಳದಲ್ಲಿ.
ಇಟ್ಟರೆ ಕರೆದಾಗ ಬರುತ್ತದಾ, ಅಂದಳು.
ಬರುವುದಿಲ್ಲ.
ಹಾಗಾದರೆ ಹೆಸರು ಯಾತಕ್ಕೆ?
ಪುಸ್ತಕಕ್ಕೆ, ಅಂದೆ. ಪುಸ್ತಕ ಕರೆದರೆ ಬರುತ್ತದಾ?
ಬೆಲ್ಲದ ಕಾಫಿ ಆರಿತು.
ಗಂಡೆಂದು ಹೇಳಿದ್ದಕ್ಕೆ ಮಾತ್ರ ಅವಳಿಗೆ ಬೇಜಾರಾಯಿತು,
ಗಂಡಸರು ಅಷ್ಟು ಜೋಪಾನವಾಗಿ ಎಣಿಸುವುದನ್ನು
ತಾನು ಕಂಡಿಲ್ಲವಂತೆ.

ಬರೆದದ್ದನ್ನು ಓದಿ ಹೇಳಿದೆ, ಲ್ಯಾಟಿನ್ನು ಬಿಟ್ಟು.
ಹೂಂಗುಟ್ಟಿದಳು. ಮುಳ್ಳಿನ ಲೆಕ್ಕಕ್ಕೆ ನಕ್ಕಳು.
ಹೋದ ಕಾಲಿನ ಸಾಲು ಬಂದಾಗ
ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು.
ಕೊನೆಯ ಸಾಲು, ನಿಯಮದಂತೆ:
ಹೆಣ್ಣು: ತಿಳಿದಿಲ್ಲ.

ಯಾರಿಗೆ? ಅಂದಳು.

ಮೇಲೆ, ಬಂಡೆಯ ಒದ್ದೆ ಮಗ್ಗುಲಲ್ಲಿ, ರಾತ್ರಿ,
ನೂರಿರುತ್ತವೆ, ಕಾಲಿಗೆ ಕಾಲು ಹೆಣೆದು,
ಒಂದನ್ನು ಮುಟ್ಟಿದರೆ ಅಷ್ಟೂ ಕುಣಿಯುತ್ತವೆ.
ನೀನು ಹಗಲು ಬರುತ್ತೀಯ, ನೆಲ ನೋಡುತ್ತೀಯ.
ನಾಳೆ ಬಾ. ಮೂರು ಸೆಲ್ಲಿನ ಟಾರ್ಚು ತಾ,
ಎರಡರದ್ದು ಸಾಲದು.
ಸೀಸೆ ಮನೆಯಲ್ಲೇ ಇರಲಿ.